ಹಳೆಯ ಗಣಕಯಂತ್ರಗಳ ಪಾಲನೆ ಮತ್ತು ಕನ್ನಡ ಪಠ್ಯದ ಉಳಿವು: ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳನ್ನು ಅನುಲಕ್ಷಿಸಿ

ಪ್ರವೇಶ

ಹಸ್ತಪ್ರತಿಶಾಸ್ತ್ರವು ಓಲೆ, ಕಡತ, ಕಾಗದ ಮೊದಲಾದ ಬರಹದ ಸಾಮಗ್ರಿಗಳನ್ನು ಕುರಿತು ವಿಸ್ತಾರವಾಗಿ ಚರ್ಚಿಸಿದೆ. ಅಚ್ಚುಮೊಳೆಯ ಚರಿತ್ರೆಯೂ ತಕ್ಕಮಟ್ಟಿಗೆ ದಾಖಲಾಗಿದೆ. ಆದರೆ 1980ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಕನ್ನಡ ಬರಹವನ್ನು ಹೊತ್ತುಕೊಂಡು ಬಂದ ಫ್ಲಾಪಿ, ಹಾರ್ಡ್ ಡಿಸ್ಕ್, ಸಿ.ಡಿ.ಗಳನ್ನೂ ಅವುಗಳನ್ನು ಓದಬಲ್ಲ ಯಂತ್ರಗಳನ್ನೂ ಬರಹದ ಸಾಮಗ್ರಿಗಳೆಂದು ಪರಿಗಣಿಸುವ ಕ್ರಮ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅವು ಕಚೇರಿಯ ಉಪಕರಣಗಳೆಂದು ಗಣಿತವಾಗಿ, ಕೆಟ್ಟಾಗ ಗುಜರಿಗೆ ಸೇರುತ್ತವೆ.

ಇದರ ಪರಿಣಾಮವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ ಮಾಲೆಯ 12ನೆಯ ಸಂಪುಟ, ಅಂದರೆ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ, 1904ರಲ್ಲಿ ಪ್ರಕಟವಾಯಿತು. ಲಿಪಿ ಬಲ್ಲ ಯಾರಾದರೂ ಇಂದಿಗೂ ಅದನ್ನು ಓದಬಹುದು. ಅದೇ ಜಿಲ್ಲೆಯ ಯಾವುದಾದರೂ ಡಿ.ಟಿ.ಪಿ. ಕೇಂದ್ರದಲ್ಲಿ 1995ರಲ್ಲಿ ಸಿದ್ಧವಾದ ಒಂದು ಸ್ಥಳಪುರಾಣದ ಫ್ಲಾಪಿಯನ್ನು ಓದಲು ಲಿಪಿಜ್ಞಾನ ಮಾತ್ರ ಸಾಲದು. ಫ್ಲಾಪಿ ಡ್ರೈವ್ ಇರುವ ಗಣಕ, ಆ ಕಾಲದ ಕನ್ನಡ ತಂತ್ರಾಂಶ, ಅದರ ಫಾಂಟು, ಪುಟವಿನ್ಯಾಸದ ತಂತ್ರಾಂಶ ಈ ನಾಲ್ಕೂ ಒಟ್ಟಿಗೆ ದೊರೆಯಬೇಕು. ಒಂದು ತಪ್ಪಿದರೂ ಪಠ್ಯ ಮೂಕವಾಗುತ್ತದೆ.

ಆದ್ದರಿಂದ ಹಳೆಯ ಗಣಕ ಮತ್ತು ಪ್ರಿಂಟರುಗಳನ್ನು ಚಾಲನೆಯಲ್ಲಿಡುವ ಕೆಲಸವು ದುರಸ್ತಿಗಾರನ ಕೆಲಸವಾಗಿರುವಷ್ಟೇ ಗ್ರಂಥಸಂಪಾದಕನ ಕೆಲಸವೂ ಹೌದು ಎಂಬ ವಿಚಾರವನ್ನು ಪ್ರಸ್ತುತ ಲೇಖನವು ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಮಂಡಿಸುತ್ತದೆ.

ನಾಲ್ಕು ತಾಲ್ಲೂಕುಗಳ ಬರಹದ ನೆಲೆ

ಈ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗವಾಗಿದೆ. ಶಿಕ್ಷಣ ಇಲಾಖೆಯ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಯೂ ಇದೇ. ಹೀಗಾಗಿ ಕಚೇರಿ ಬರಹ ಮತ್ತು ಶಾಲಾ ಬರಹ ಎರಡರ ದೃಷ್ಟಿಯಿಂದಲೂ ಇದನ್ನು ಒಂದು ಘಟಕವಾಗಿ ಪರಿಗಣಿಸಬಹುದು. ತಾಲ್ಲೂಕು ಕೇಂದ್ರಗಳಲ್ಲಿ ಸಾಮಾನ್ಯವಾಗಿ ತಾಲ್ಲೂಕು ಕಚೇರಿ, ನ್ಯಾಯಾಲಯ ಹಾಗೂ ಉಪನೋಂದಣಾಧಿಕಾರಿ ಕಚೇರಿಗಳ ಆಸುಪಾಸಿನಲ್ಲಿ ಪತ್ರ ಬರಹಗಾರರ, ಜೆರಾಕ್ಸ್ ಅಂಗಡಿಗಳ ಮತ್ತು ಡಿ.ಟಿ.ಪಿ. ಕೇಂದ್ರಗಳ ಸಾಲು ಇರುತ್ತದೆ. ಅಲ್ಲಿ ಸಿದ್ಧವಾಗುವ ಬರಹವನ್ನು ಅಧ್ಯಯನದ ಅನುಕೂಲಕ್ಕಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ವ್ಯವಹಾರದ ಬರಹ: ಕ್ರಯಪತ್ರ, ವಿಭಾಗಪತ್ರ, ಕರಾರು, ಅರ್ಜಿ, ಪ್ರಮಾಣಪತ್ರ ಇತ್ಯಾದಿ. ಎರಡನೆಯದು ಆಚರಣೆಯ ಬರಹ: ಲಗ್ನಪತ್ರಿಕೆ, ಮಧುಗಿರಿಯ ದಂಡಿನ ಮಾರಮ್ಮ, ಗೊರವನಹಳ್ಳಿಯ ಮಹಾಲಕ್ಷ್ಮಿ, ಪಾವಗಡದ ಶನೈಶ್ಚರಸ್ವಾಮಿ ಮೊದಲಾದ ದೈವಗಳ ಜಾತ್ರೆ ಉತ್ಸವಗಳ ಕರಪತ್ರ, ಕ್ಷೇತ್ರಮಹಿಮೆಯ ಕಿರುಹೊತ್ತಗೆ. ಮೂರನೆಯದು ವಿದ್ವತ್ತಿನ ಬರಹ: ಕಾಲೇಜುಗಳ ವಾರ್ಷಿಕ ಸಂಚಿಕೆ, ಅಭಿನಂದನ ಗ್ರಂಥ, ಸಂಶೋಧನ ಪ್ರಬಂಧ, ಜಾನಪದ ಸಂಗ್ರಹ. ಶಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯದಂತಹ ಮೌಖಿಕ ಪಠ್ಯಗಳ ಸಂಗ್ರಹವು ಈ ಕಾಲದಲ್ಲಿ ಪುಸ್ತಕರೂಪಕ್ಕೆ ಬರಬೇಕಾದರೆ ಡಿ.ಟಿ.ಪಿ. ಹಂತವನ್ನು ದಾಟಲೇಬೇಕಿತ್ತು.

ಇವುಗಳಲ್ಲಿ ಸರ್ಕಾರದ ದತ್ತಾಂಶದ ಸ್ಥಿತಿ ಬೇರೆ. 2000–2002ರ ಅವಧಿಯಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. 2003ರಿಂದ ನೋಂದಣಿ ಕಚೇರಿಗಳಿಗೆ ‘ಕಾವೇರಿ’ ತಂತ್ರಾಂಶ ಬಂದಿತು. ಯಂತ್ರ ಬದಲಾದಾಗ ಈ ದತ್ತಾಂಶವನ್ನು ಹೊಸ ಯಂತ್ರಕ್ಕೆ ಸಾಗಿಸುವ ಹೊಣೆ ಇಲಾಖೆಯದು. ಡಿ.ಟಿ.ಪಿ. ಕೇಂದ್ರದ ಗಣಕದಲ್ಲಿರುವ ಆಚರಣೆಯ ಮತ್ತು ವಿದ್ವತ್ತಿನ ಬರಹಕ್ಕೆ ಅಂತಹ ಹೊಣೆಗಾರರಿಲ್ಲ. ಅಂಗಡಿ ಮುಚ್ಚಿದ ದಿನ ಅಥವಾ ಯಂತ್ರ ಗುಜರಿಗೆ ಹೋದ ದಿನ ಅದು ನಾಶವಾಗುತ್ತದೆ. ಸಂಶೋಧಕರ ಗಮನ ಹರಿಯಬೇಕಾದುದು ಇಲ್ಲಿಗೆ.

ಅಚ್ಚಾದ ಪುಸ್ತಕ ಇರುವಾಗ ಹಳೆಯ ಕಡತವೇಕೆ ಎಂಬ ಪ್ರಶ್ನೆ ಸಹಜ. ಜಾನಪದ ಪಠ್ಯದ ಮೊದಲ ಬೆರಳಚ್ಚು ಪ್ರತಿಯಲ್ಲಿ ಹಾಡುಗಾರರ ಉಚ್ಚಾರಣೆಗೆ ಹತ್ತಿರವಾದ ಆಡುರೂಪಗಳು ಇರುವ ಸಂಭವ ಹೆಚ್ಚು. ಕರಡು ತಿದ್ದುವ ಹಂತದಲ್ಲಿ ಅವು ಶಿಷ್ಟರೂಪಕ್ಕೆ ತಿರುಗಬಹುದು. ಪುಟಮಿತಿಗಾಗಿ ಕೆಲವು ಭಾಗಗಳು ಬಿಟ್ಟುಹೋಗಬಹುದು. ಅಂತಹ ಸಂದರ್ಭದಲ್ಲಿ ಫ್ಲಾಪಿಯಲ್ಲಿರುವ ಪ್ರತಿಯು ಅಚ್ಚಿನ ಪ್ರತಿಗಿಂತ ಪ್ರಾಚೀನವಾದ ಪಾಠ. ಓಲೆಪ್ರತಿಗಳ ಪಾಠಾಂತರಕ್ಕೆ ಕೊಡುವ ಮಹತ್ವವನ್ನು ಇದಕ್ಕೂ ಕೊಡಬೇಕಾಗುತ್ತದೆ.

ಲಿಪಿಸಂಕೇತಗಳ ಮೂರು ಘಟ್ಟಗಳು

ಕನ್ನಡ ಗಣಕದ ಚರಿತ್ರೆಯಲ್ಲಿ ಸ್ಥೂಲವಾಗಿ ಮೂರು ಘಟ್ಟಗಳನ್ನು ಗುರುತಿಸಬಹುದು. ಮೊದಲ ಘಟ್ಟದಲ್ಲಿ ಡಾಸ್ ವ್ಯವಸ್ಥೆಯ ಗಣಕಗಳಿಗೆ ಕನ್ನಡವನ್ನು ಅಳವಡಿಸುವ ಪ್ರಯತ್ನಗಳು ನಡೆದವು. ಐ.ಐ.ಟಿ. ಕಾನ್ಪುರದಲ್ಲಿ ರೂಪುಗೊಂಡು, 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ಮೂಲಕ ಬಳಕೆಗೆ ಬಂದ ಜಿಸ್ಟ್ ಕಾರ್ಡು ಗಣಕದೊಳಗೆ ಕೂರಿಸುವ ಒಂದು ಯಂತ್ರಭಾಗ. ಅದರ ಆಧಾರವಾಗಿದ್ದ ಇಸ್ಕಿ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಮಾನಕವನ್ನಾಗಿ ಅಂಗೀಕರಿಸಿತು. ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ಸಮಾನ ಸಂಕೇತ ಕೊಡುವುದು ಇಸ್ಕಿಯ ವೈಶಿಷ್ಟ್ಯ. ಮೂರು ಕಡೆ ಆಂಧ್ರದ ಗಡಿಯಿರುವ, ತೆಲುಗು ಕನ್ನಡಗಳೆರಡೂ ಬಳಕೆಯಲ್ಲಿರುವ ಪಾವಗಡದಂತಹ ಪ್ರದೇಶದಲ್ಲಿ, ಒಂದೇ ಪಠ್ಯವನ್ನು ಲಿಪಿ ಬದಲಿಸಿ ಎರಡೂ ಲಿಪಿಗಳಲ್ಲಿ ನೋಡಬಹುದಾದ ಈ ಸೌಲಭ್ಯದ ಬೆಲೆಯನ್ನು ಊಹಿಸಬಹುದು. ಇದೇ ಕಾಲದಲ್ಲಿ ಕೆ.ಪಿ. ರಾವ್ ಅವರು ‘ಸೇಡಿಯಾಪು’ ತಂತ್ರಾಂಶವನ್ನೂ ಕನ್ನಡದ ಧ್ವನಿಕ್ರಮಕ್ಕೆ ಒಗ್ಗುವ ಕೀಲಿಮಣೆ ವಿನ್ಯಾಸವನ್ನೂ ರೂಪಿಸಿದರು.

ಎರಡನೆಯ ಘಟ್ಟ ವಿಂಡೋಸ್ ಮತ್ತು ಡಿ.ಟಿ.ಪಿ.ಯ ಕಾಲ. ಶ್ರೀಲಿಪಿ, ಆಕೃತಿ ಮೊದಲಾದ ವಾಣಿಜ್ಯ ತಂತ್ರಾಂಶಗಳು, 1998ರಲ್ಲಿ ಶೇಷಾದ್ರಿವಾಸು ಅವರು ಬಿಡುಗಡೆ ಮಾಡಿದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ‘ನುಡಿ’ ಇವು ಈ ಘಟ್ಟಕ್ಕೆ ಸೇರುತ್ತವೆ. ಇಲ್ಲಿ ಸಂಕೇತ ದೊರೆಯುವುದು ಅಕ್ಷರಕ್ಕಲ್ಲ, ಅಕ್ಷರದ ಆಕಾರದ ತುಂಡುಗಳಿಗೆ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟು ಮಾಡಲಾಗಿದೆ. ಫಾಂಟು ಇಲ್ಲದ ಗಣಕದಲ್ಲಿ ಆ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಒಂದು ತಂತ್ರಾಂಶದ ಸಂಕೇತ ಇನ್ನೊಂದಕ್ಕೆ ಹೊಂದಬೇಕೆಂಬ ನಿಯಮವೂ ಇಲ್ಲ.

ಮೂರನೆಯದು ಯೂನಿಕೋಡ್ ಘಟ್ಟ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಸಾಮಾನ್ಯ ಬಳಕೆಯ ಗಣಕಕ್ಕೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಆದರೂ ಅಚ್ಚಿನ ಕೆಲಸದಲ್ಲಿ ಹಳೆಯ ಫಾಂಟುಗಳೇ ಮುಂದುವರಿದವು. ಇದಕ್ಕೆ ಮುಖ್ಯ ಕಾರಣ ಪೇಜ್‌ಮೇಕರ್. 2001ರಲ್ಲಿ ಬಂದ ಅದರ 7.0 ಆವೃತ್ತಿಯೇ ಕೊನೆಯದು. ಅದಕ್ಕೆ ಕನ್ನಡ ಯೂನಿಕೋಡ್ ಬೆಂಬಲವಿಲ್ಲ. ಅದೇ ಸಂಸ್ಥೆಯ ಇನ್‌ಡಿಸೈನ್ ತಂತ್ರಾಂಶವು ಸಿ.ಎಸ್. 6 ಆವೃತ್ತಿಯವರೆಗೆ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು. ಮುಂದಿನ ಆವೃತ್ತಿಗಳು ತೆರೆಯುವುದಿಲ್ಲ. ಹೀಗೆ ಎರಡನೆಯ ಘಟ್ಟದ ಪಠ್ಯಕ್ಕೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ.

ಈ ಸಮಸ್ಯೆ ವಿಶ್ವವಿದ್ಯಾಲಯಗಳಿಂದ ದೂರದ್ದಲ್ಲ. ಶೋಧಗಂಗಾ ಭಂಡಾರಕ್ಕೆ ಸೇರಿರುವ, ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕನ್ನಡ ಪ್ರಬಂಧಗಳು ಕಣ್ಣಿಗೆ ಸರಿಯಾಗಿ ಕಾಣುತ್ತವೆ. ಆದರೆ ಅವುಗಳಲ್ಲಿ ಒಂದು ಪದವನ್ನು ಹುಡುಕಲಾಗದು. ಒಂದು ವಾಕ್ಯವನ್ನು ಪ್ರತಿಮಾಡಿಕೊಂಡರೆ ರೋಮನ್ ಚಿಹ್ನೆಗಳಷ್ಟೇ ದೊರೆಯುತ್ತವೆ.

ಪ್ರಿಂಟರ್ ಮತ್ತು ಕನ್ನಡ ಅಕ್ಷರದ ಎತ್ತರ

ಮುದ್ರಣ ಯಂತ್ರದ ಮಿತಿಯು ಕನ್ನಡ ಲಿಪಿಯ ಮೇಲೆ ಹೇಗೆ ಪರಿಣಾಮ ಬೀರಿತು ಎಂಬುದಕ್ಕೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಉತ್ತಮ ನಿದರ್ಶನ. ಕನ್ನಡದ ಸಾಲಿಗೆ ಮೂರು ಅಂತಸ್ತುಗಳಿವೆ: ಮೇಲೆ ಗುಡಿಸು, ಏತ್ವ, ನಡುವೆ ಮೂಲಾಕ್ಷರ, ಕೆಳಗೆ ಒತ್ತಕ್ಷರ. ಅಂಗುಲಕ್ಕೆ ಆರು ಸಾಲಿನ ಸಾಮಾನ್ಯ ಅಳತೆಯಲ್ಲಿ, 9 ಸೂಜಿಯ ಪ್ರಿಂಟರು ಲಂಬವಾಗಿ ಅಂಗುಲಕ್ಕೆ 72 ಚುಕ್ಕಿಯಂತೆ ಒಂದು ಸಾಲಿಗೆ 12 ಚುಕ್ಕಿಗಳನ್ನು ಮಾತ್ರ ಕೊಡುತ್ತದೆ. ‘ಸ್ತ್ರೀ’, ‘ರಾಷ್ಟ್ರ’ದಂತಹ ಎರಡು ಒತ್ತುಗಳುಳ್ಳ ಅಕ್ಷರಗಳು ಅಷ್ಟರೊಳಗೆ ಸ್ಪಷ್ಟವಾಗಿ ಮೂಡುವುದು ಕಷ್ಟ. 24 ಸೂಜಿಯ ಪ್ರಿಂಟರಿನಲ್ಲಿ ಅಂಗುಲಕ್ಕೆ 180 ಚುಕ್ಕಿಗಳಿರುವುದರಿಂದ ಅದೇ ಸಾಲಿಗೆ 30 ಚುಕ್ಕಿ ದೊರೆಯುತ್ತದೆ. 300 ಚುಕ್ಕಿಯ ಲೇಸರ್ ಪ್ರಿಂಟರಿನಲ್ಲಿ ಇದು 50ಕ್ಕೆ, 600 ಚುಕ್ಕಿಯದರಲ್ಲಿ 100ಕ್ಕೆ ಏರುತ್ತದೆ. ಆ ಕಾಲದ ಮುದ್ರಿತ ಪ್ರತಿಗಳಲ್ಲಿ ತ-ದ, ಪ-ಷ, ಒತ್ತಕ್ಷರಗಳ ಗೊಂದಲ ಕಂಡುಬಂದಾಗ ಅದನ್ನು ಲಿಪಿಕಾರನ ಸ್ಖಾಲಿತ್ಯವೆಂದು ತೀರ್ಮಾನಿಸುವ ಮೊದಲು ಪ್ರಿಂಟರಿನ ಸೂಜಿಗಳನ್ನು ಲೆಕ್ಕಹಾಕಬೇಕು.

ಬಾಳಿಕೆಯ ದೃಷ್ಟಿಯಿಂದ ನೋಡಿದಾಗ ಹಳೆಯ ಯಂತ್ರ ಹೊಸದಕ್ಕಿಂತ ಸ್ವತಂತ್ರವಾಗಿರುವುದೂ ಉಂಟು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಲ್ಲಿ ಬಹುಪಾಲು ಎಪ್ಸನ್ ಸಂಸ್ಥೆ ರೂಪಿಸಿದ ಆಜ್ಞಾಕ್ರಮವನ್ನು ಅನುಸರಿಸುತ್ತವೆ. ಅದು ತಿಳಿದಿರುವ ಯಾವ ಗಣಕವಾದರೂ ಅವುಗಳನ್ನು ನಡೆಸಬಲ್ಲದು. ಇದಕ್ಕೆ ಪ್ರತಿಯಾಗಿ, 2005ರಲ್ಲಿ ಬಂದು ಭಾರತದ ಡಿ.ಟಿ.ಪಿ. ಕೇಂದ್ರಗಳಲ್ಲಿ ಬಹು ಬೇಗ ಹರಡಿದ ಎಚ್.ಪಿ. ಲೇಸರ್‌ಜೆಟ್ 1020 ಪ್ರಿಂಟರು ತನ್ನ ನಿಯಂತ್ರಣ ತಂತ್ರಾಂಶವನ್ನು ತನ್ನಲ್ಲಿ ಉಳಿಸಿಕೊಳ್ಳುವುದಿಲ್ಲ; ಪ್ರತಿ ಸಲ ಚಾಲನೆಯಾದಾಗಲೂ ಗಣಕದಿಂದ ಪಡೆಯುತ್ತದೆ. ಆದ್ದರಿಂದ ಅದರ ಆಯುಷ್ಯವು ಬಿಡಿಭಾಗಗಳಷ್ಟೇ ಡ್ರೈವರ್ ತಂತ್ರಾಂಶದ ಲಭ್ಯತೆಯನ್ನೂ ಅವಲಂಬಿಸಿದೆ. ಲಿನಕ್ಸ್‌ನಲ್ಲಿ ಇದಕ್ಕೆ ಮುಕ್ತ ಡ್ರೈವರ್ ಇರುವುದು ಗಮನಾರ್ಹ. ಬಟರ್ ಪೇಪರಿನ ಮೇಲೆ ಪ್ರಿಂಟು ತೆಗೆದು ಆಫ್‌ಸೆಟ್ ಪ್ಲೇಟು ಮಾಡಿಸುವ ಪದ್ಧತಿಗೆ ಇಂತಹ ಲೇಸರ್ ಪ್ರಿಂಟರುಗಳೇ ಆಧಾರ. ಕಾರ್ಬನ್ ಪ್ರತಿ ಬೇಕಾದ ರಸೀದಿ, ಲೆಡ್ಜರುಗಳಿಗೆ ಇಂದಿಗೂ ಸೂಜಿಯ ಪ್ರಿಂಟರೇ ಬೇಕು. ಕಾಗದಕ್ಕೆ ಪೆಟ್ಟು ಕೊಡದ ಲೇಸರಿನಿಂದ ಅದು ಆಗದು.

ಯಂತ್ರಪಾಲನೆಯ ಕ್ರಮ

ಬಹುಕಾಲ ಮೂಲೆಯಲ್ಲಿದ್ದ ಗಣಕವನ್ನು ಕಂಡ ಕೂಡಲೇ ವಿದ್ಯುತ್ತಿಗೆ ಜೋಡಿಸುವುದು ಸರಿಯಲ್ಲ. ಮೊದಲು ಪೆಟ್ಟಿಗೆ ಬಿಚ್ಚಿ ಧೂಳು ತೆಗೆಯಬೇಕು. ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಬೇಕು. 2000ದ ಆಸುಪಾಸಿನ ಬೋರ್ಡುಗಳಲ್ಲಿ ಈ ದೋಷ ಲೋಕವ್ಯಾಪಿಯಾಗಿತ್ತು. ಸಾಧ್ಯವಿದ್ದಲ್ಲಿ ಹಾರ್ಡ್ ಡಿಸ್ಕನ್ನು ಕಳಚಿ, ಅದರಲ್ಲಿ ಹೊಸದಾಗಿ ಏನೂ ಬರೆಯದಂತೆ ಬೇರೊಂದು ಗಣಕದ ಮೂಲಕ ಪೂರ್ಣ ನಕಲು ಮಾಡಿಕೊಂಡ ಅನಂತರವೇ ಯಂತ್ರವನ್ನು ಚಾಲನೆಗೊಳಿಸಬೇಕು. ಮೂರೂವರೆ ಅಂಗುಲದ ಫ್ಲಾಪಿಯನ್ನು ಓದುವ ಮುನ್ನ ಅದರ ಮೂಲೆಯ ಕಿಂಡಿ ತೆರೆದಿರುವಂತೆ ಜಾರುಬಿಲ್ಲೆಯನ್ನು ಸರಿಸಬೇಕು. ಆಗ ಅದರಲ್ಲಿ ಬರೆಯಲಾಗದು. ಬೂಷ್ಟು ಕಂಡ ಫ್ಲಾಪಿಯನ್ನು ಹಾಗೆಯೇ ಹಾಕಿದರೆ ಡ್ರೈವಿನ ತಲೆ ಕೆಟ್ಟು ಮುಂದಿನ ಫ್ಲಾಪಿಗೂ ಹಾನಿ ತಟ್ಟುತ್ತದೆ.

ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿಯು ಸಂಶೋಧಕರ ವಿಶೇಷ ಗಮನಕ್ಕೆ ಅರ್ಹ. 3 ವೋಲ್ಟಿನ ಈ ಬ್ಯಾಟರಿ ಸತ್ತರೆ ಗಣಕ ದಿನಾಂಕವನ್ನು ಮರೆಯುತ್ತದೆ. ಡಾಸ್ ವ್ಯವಸ್ಥೆಯಲ್ಲಿ ದಿನಗಣನೆ ಆರಂಭವಾಗುವುದೇ 1980ರ ಜನವರಿ 1ರಿಂದ. ಆದ್ದರಿಂದ ಕಡತದ ಮೇಲೆ ಕಾಣುವ ದಿನಾಂಕವನ್ನು ಕಾಲನಿರ್ಣಯಕ್ಕೆ ನೇರವಾಗಿ ಬಳಸಬಾರದು. ಶಾಸನದ ತಿಥಿವಾರಗಳನ್ನು ಇತರ ಆಧಾರಗಳೊಂದಿಗೆ ತಾಳೆ ನೋಡುವಂತೆಯೇ ಇದನ್ನೂ ಅಚ್ಚಾದ ಪ್ರತಿಯ ವರ್ಷ, ತಂತ್ರಾಂಶದ ಆವೃತ್ತಿಗಳೊಂದಿಗೆ ಪರೀಕ್ಷಿಸಬೇಕು.

ಹಳೆಯ ಯಂತ್ರವನ್ನೇ ಉಳಿಸಿಕೊಳ್ಳಬೇಕಾದ ಪ್ರಬಲ ಕಾರಣ ಅದರ ಹಿಂಬದಿಯ 25 ಸೂಜಿಯ ಪ್ಯಾರಲಲ್ ಪೋರ್ಟು. ಕೆಲವು ವಾಣಿಜ್ಯ ತಂತ್ರಾಂಶಗಳು ಅಲ್ಲಿ ಒಂದು ‘ಲಾಕ್’ ಸಿಕ್ಕಿಸಿದ್ದರೆ ಮಾತ್ರ ನಡೆಯುತ್ತವೆ. ಹೊಸ ಗಣಕಗಳಲ್ಲಿ ಆ ಪೋರ್ಟೇ ಇಲ್ಲ. ಯು.ಎಸ್.ಬಿ.ಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ಲು ಪ್ರಿಂಟರಿಗೆ ಸಾಕಾದರೂ ಸಾಮಾನ್ಯವಾಗಿ ಲಾಕಿಗೆ ಒದಗುವುದಿಲ್ಲ. ಜೊತೆಗೆ 64 ಬಿಟ್‌ನ ವಿಂಡೋಸ್‌ನಲ್ಲಿ 16 ಬಿಟ್‌ನ ಹಳೆಯ ತಂತ್ರಾಂಶಗಳು ನಡೆಯವು. ಇಂತಹ ಬಂಧನವಿಲ್ಲದ ತಂತ್ರಾಂಶಗಳನ್ನು ಹೊಸ ಗಣಕದೊಳಗೆ ಹಳೆಯ ಗಣಕವೊಂದನ್ನು ಅನುಕರಿಸುವ ವರ್ಚುಯಲ್ ಮಷೀನಿನಲ್ಲಿ ನಡೆಸಬಹುದು. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ಕ್ಕೆ ಕೊನೆಗೊಂಡಿರುವುದರಿಂದ ಅಂತಹ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸದೆ ಬಳಸುವುದು ಕ್ಷೇಮ.

ಪ್ರಿಂಟರುಗಳ ಪಾಲನೆ ಇನ್ನೂ ಸರಳ. ಕಾಗದದ ದಪ್ಪಕ್ಕೆ ತಕ್ಕಂತೆ ತಲೆಯ ಅಂತರವನ್ನು ಹೊಂದಿಸುವುದು, ಹರಿದ ರಿಬ್ಬನ್ನಿಗೆ ಸೂಜಿ ಸಿಕ್ಕಿ ಮುರಿಯುವ ಮೊದಲೇ ಅದನ್ನು ಬದಲಿಸುವುದು, ಕಾಗದದ ಚೂರುಗಳನ್ನು ತೆಗೆಯುವುದು ಇವು ಡಾಟ್ ಮ್ಯಾಟ್ರಿಕ್ಸ್‌ಗೆ ಅಗತ್ಯ. ಹಲವು ಮಾದರಿಗಳಲ್ಲಿ ಲೈನ್ ಫೀಡ್ ಗುಂಡಿಯನ್ನು ಒತ್ತಿಹಿಡಿದು ಸ್ವಿಚ್ಚು ಹಾಕಿದರೆ ಪರೀಕ್ಷಾ ಪುಟ ಹೊರಬರುತ್ತದೆ. ಅದರಲ್ಲಿ ಅಡ್ಡಗೆರೆಯಾಗಿ ಬಿಳಿ ಕಂಡರೆ ಒಂದು ಸೂಜಿ ಸತ್ತಿದೆ ಎಂದರ್ಥ. ಲೇಸರ್ ಪ್ರಿಂಟರಿನಲ್ಲಿ ಕಾಗದ ಎಳೆಯುವ ರಬ್ಬರ್ ರೋಲರು, ಟೋನರ್ ಕಾರ್ಟ್ರಿಜ್ ಹಾಗೂ ಫ್ಯೂಸರ್ ಈ ಮೂರು ಸವೆಯುವ ಭಾಗಗಳು.

ಯಂತ್ರ ಓದುವ ಕೆಲಸ ಮುಗಿಸಿದ ಮೇಲೂ ನಿರುಪಯುಕ್ತವಲ್ಲ. ಹಗುರವಾದ ಲಿನಕ್ಸ್ ಅಳವಡಿಸಿದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಬೆರಳಚ್ಚಿಗೆ, ಕರಡು ತಿದ್ದಲು ಸಾಕಾಗುತ್ತದೆ. ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ವಿನ್ಯಾಸವಿರುವುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದ ಅಗತ್ಯವಿಲ್ಲ. ಮೂಡುವ ಪಠ್ಯ ಮಾತ್ರ ಯೂನಿಕೋಡಿನಲ್ಲಿರುತ್ತದೆ.

ಪಠ್ಯದ ಬಿಡುಗಡೆ: ಸಂಪಾದನ ಸಮಸ್ಯೆಗಳು

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಲಭ್ಯವಿವೆ. ಪರಿವರ್ತನೆಯು ಸಂಕೇತಕ್ಕೆ ಸಂಕೇತ ಇಡುವ ಯಾಂತ್ರಿಕ ಕ್ರಿಯೆಯಲ್ಲ ಎಂಬುದಕ್ಕೆ ‘ಧರ್ಮ’ ಶಬ್ದವೊಂದೇ ಸಾಕು. ಹಳೆಯ ಫಾಂಟಿನಲ್ಲಿ ಇದು ಕಣ್ಣಿಗೆ ಕಾಣುವ ಕ್ರಮದಲ್ಲಿ ಧ, ಮ, ಅರ್ಕಾವತ್ತು ಎಂದು ಶೇಖರವಾಗಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ಧ, ರ, ವಿರಾಮ, ಮ ಎಂದಿರುತ್ತದೆ. ಪರಿವರ್ತಕವು ಅರ್ಕಾವತ್ತನ್ನು ಹಿಂದಕ್ಕೆ ಸಾಗಿಸಿ ರೇಫವನ್ನಾಗಿ ಮಾಡಬೇಕು. ಅರ್ಕಾವತ್ತಿನ ಹಿಂದೆ ಒತ್ತಕ್ಷರವೂ ಸ್ವರಚಿಹ್ನೆಯೂ ಇದ್ದರೆ ತಪ್ಪುವ ಸಂಭವ ಹೆಚ್ಚುತ್ತದೆ.

ಹಳಗನ್ನಡ ಪಠ್ಯಗಳಲ್ಲಿ ಇನ್ನೂ ಎಚ್ಚರ ಬೇಕು. ಱ, ೞ ಅಕ್ಷರಗಳು ಪರಿವರ್ತನೆಯಲ್ಲಿ ಬೇರೆ ಅಕ್ಷರಗಳಾಗುವ ಅಥವಾ ಬಿಟ್ಟುಹೋಗುವ ಅಪಾಯವಿದೆ. ಯೂನಿಕೋಡಿನಲ್ಲಿಯೇ ೞಕಾರಕ್ಕೆ ಮೊದಲು ‘ಫಾ’ ಎಂಬ ತಪ್ಪು ಹೆಸರು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಸೇರಿಸಲಾಗಿದೆ.

ಆದ್ದರಿಂದ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಯುಕ್ತ. ಒಂದು, ಮೂಲ ಕಡತವನ್ನು ಯಾವ ಬದಲಾವಣೆಯೂ ಇಲ್ಲದೆ ಕಾಪಾಡುವುದು. ಎರಡು, ಹಳೆಯ ಯಂತ್ರದಲ್ಲಿಯೇ ತೆರೆದು, ಮೂಲ ಫಾಂಟಿನಲ್ಲಿ ಕಾಣುವ ರೂಪವನ್ನು ಪಿ.ಡಿ.ಎಫ್. ಆಗಿ ಅಥವಾ ಕಾಗದದ ಮೇಲೆ ಪಡೆಯುವುದು. ಇದು ತಾಳೆ ನೋಡಲು ಆಧಾರಪ್ರತಿಯಾಗುತ್ತದೆ. ಮೂರು, ಯೂನಿಕೋಡಿಗೆ ಪರಿವರ್ತಿಸುವುದು. ನಾಲ್ಕು, ಆಧಾರಪ್ರತಿ ಮತ್ತು ಅಚ್ಚಾದ ಪ್ರತಿಗಳೊಂದಿಗೆ ಅಕ್ಷರಶಃ ಹೋಲಿಸಿ ಪಾಠಾಂತರಗಳನ್ನು ಗುರುತಿಸುವುದು. ಐದು, ಯಂತ್ರ, ತಂತ್ರಾಂಶ, ಆವೃತ್ತಿ, ಫಾಂಟು, ಕಡತ ದೊರೆತ ಸ್ಥಳ ಇವುಗಳನ್ನು ಪ್ರತಿವಿವರಣೆಯಲ್ಲಿ ದಾಖಲಿಸುವುದು. ಎರಡನೆಯ ಹಂತ ತಪ್ಪಿದರೆ ಪರಿವರ್ತಕದ ದೋಷ ಯಾವುದು, ಮೂಲದ ಪಾಠ ಯಾವುದು ಎಂದು ನಿರ್ಣಯಿಸಲು ಆಧಾರವೇ ಉಳಿಯುವುದಿಲ್ಲ. ಹಳೆಯ ಯಂತ್ರದ ನಿಜವಾದ ಉಪಯೋಗ ಇಲ್ಲಿದೆ.

ವ್ಯವಹಾರದ ಬರಹಕ್ಕೆ ಮಾತ್ರ ಬೇರೆ ನೀತಿ ಅನ್ವಯಿಸುತ್ತದೆ. ಕ್ರಯಪತ್ರ, ವಿಭಾಗಪತ್ರಗಳಲ್ಲಿ ಕುಟುಂಬಗಳ ಆಸ್ತಿಯ ವಿವರಗಳಿರುತ್ತವೆ. ಅವು ಸಂಶೋಧಕರ ಕೈಗೆ ಸಿಕ್ಕ ಮಾತ್ರಕ್ಕೆ ಪ್ರಕಟಣೆಯ ಸಾಮಗ್ರಿಯಾಗುವುದಿಲ್ಲ. ಯಂತ್ರವನ್ನು ವಿಲೇವಾರಿ ಮಾಡುವಾಗ ಇಂತಹ ಕಡತಗಳನ್ನು ಅಳಿಸಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಥೆಗಳಿಗೆ ಒಪ್ಪಿಸಬೇಕು.

ಸಮಾರೋಪ

ಈವರೆಗಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಂಕ್ರಮಣಕಾಲದ ಗಣಕ ಪಠ್ಯವು ಕನ್ನಡದ ಒಂದು ಪ್ರತ್ಯೇಕ ಪ್ರತಿಪರಂಪರೆ. ಅದನ್ನು ಓದಲು ಬೇಕಾದ ಯಂತ್ರಗಳು ಆ ಪರಂಪರೆಯ ಅವಿಭಾಜ್ಯ ಅಂಗಗಳು. ಸರ್ಕಾರದ ದಾಖಲೆಗಳಿಗಿಂತ ಸ್ಥಳೀಯ ಸಾಹಿತ್ಯ ಮತ್ತು ಜಾನಪದ ಸಂಗ್ರಹಗಳು ಹೆಚ್ಚಿನ ಅಪಾಯದಲ್ಲಿವೆ. ಇವುಗಳ ರಕ್ಷಣೆಗೆ ದೊಡ್ಡ ವೆಚ್ಚದ ಯೋಜನೆಗಳಿಗಾಗಿ ಕಾಯಬೇಕಾಗಿಲ್ಲ. ಕನ್ನಡ ವಿಭಾಗವೊಂದರಲ್ಲಿ ಫ್ಲಾಪಿ ಡ್ರೈವ್ ಮತ್ತು ಪ್ಯಾರಲಲ್ ಪೋರ್ಟು ಇರುವ ಒಂದು ಸುಸ್ಥಿತಿಯ ಗಣಕ, ಒಂದು 24 ಸೂಜಿಯ ಪ್ರಿಂಟರು, ಒಂದು ಲೇಸರ್ ಪ್ರಿಂಟರು, ಹಳೆಯ ತಂತ್ರಾಂಶಗಳ ಪರವಾನಗಿಯುಳ್ಳ ಪ್ರತಿಗಳು ಇದ್ದರೆ ಕೆಲಸ ಆರಂಭಿಸಬಹುದು. ತಾಲ್ಲೂಕಿನ ಡಿ.ಟಿ.ಪಿ. ಕೆಲಸಗಾರರ ಅನುಭವವನ್ನು ಇದರಲ್ಲಿ ತೊಡಗಿಸಿಕೊಳ್ಳಬೇಕು. ಯಾವ ಕಡತಕ್ಕೆ ಯಾವ ಫಾಂಟು ಎಂಬುದನ್ನು ತೆರೆದ ಕೂಡಲೇ ಹೇಳಬಲ್ಲವರು ಅವರೇ. ಹಸ್ತಪ್ರತಿಶಾಸ್ತ್ರದ ಪಠ್ಯಕ್ರಮದಲ್ಲಿ ಓಲೆಗೆ ಮಸಿ ಹಚ್ಚುವುದನ್ನು ಕಲಿಸುವ ಜೊತೆಗೆ ಫ್ಲಾಪಿಯಿಂದ ಪಠ್ಯ ತೆಗೆಯುವುದನ್ನೂ ಕಲಿಸುವ ಕಾಲ ಬಂದಿದೆ. ಆ ಕಾಲದ ಯಂತ್ರಗಳೂ ಅವುಗಳನ್ನು ಬಲ್ಲ ಕೈಗಳೂ ಇನ್ನೂ ದೊರೆಯುತ್ತಿರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.